ಕಾರ್ಲ್‌ಶ್ಟೇನ್‌ಗೆ ಒಂದು ಪೂರ್ತಿ ದಿನ ಕೊಡಿ: ಪ್ರವಾಸ ಏರ್ಪಡಿಸುವವರಿಗೂ ಬರುವವರಿಗೂ ಒಂದು ಬಹಿರಂಗ ಪತ್ರ

ಕರ್ನಾಟಕದಿಂದ ಮಧ್ಯ ಯೂರೋಪಿಗೆ ಗುಂಪು ಪ್ರವಾಸ ಏರ್ಪಡಿಸುವ ಸಂಸ್ಥೆಗಳ ಮಾಲೀಕರಿಗೆ, ಮತ್ತು ಅವರ ಬಸ್ಸಿನಲ್ಲಿ ಬರುವ ಕನ್ನಡಿಗರಿಗೆ,

ಮಾನ್ಯರೇ,

ಪ್ರೇಗ್ ಒಳಗೊಂಡ ನಿಮ್ಮ ಪ್ರವಾಸಗಳ ಕರಪತ್ರಗಳಲ್ಲಿ ಕಾರ್ಲ್‌ಶ್ಟೇನ್‌ಗೆ ಸಿಗುವುದು ಹೆಚ್ಚೆಂದರೆ ಅರ್ಧ ದಿನ. ಬೆಳಿಗ್ಗೆ ತಿಂಡಿ ಮುಗಿಸಿ ಬಸ್ ಹತ್ತುವುದು, ಕೋಟೆಯ ಮುಂದೆ ಫೋಟೊ, ಮಧ್ಯಾಹ್ನದ ಊಟಕ್ಕೆ ಪ್ರೇಗ್‌ನ ಯಾವುದೋ ಭಾರತೀಯ ಹೋಟೆಲಿಗೆ ವಾಪಸ್. ಕೋಟೆಯೊಳಗೆ ಹೋಗುವುದು ಐಚ್ಛಿಕ, ಅದರ ಖರ್ಚು ಪ್ರವಾಸಿಗರದ್ದು. ಊರಿಗೂ ಕೋಟೆಗೂ ಒಂದೇ ಹೆಸರು ಇರುವುದರಿಂದ, ಅಲ್ಲೊಂದು ಊರಿದೆ ಎಂಬುದು ಕರಪತ್ರ ಬರೆದವರಿಗೆ ಹೊಳೆದಂತೆಯೇ ಕಾಣುವುದಿಲ್ಲ.

ನಾನು ಈ ಚೆಕ್ ದೇಶದಲ್ಲಿ ಕೆಲವು ವರ್ಷಗಳಿಂದ ಕೆಲಸ ಮಾಡಿಕೊಂಡಿರುವ, ಬಿಡುವು ಸಿಕ್ಕಾಗಲೆಲ್ಲ ಆ ಊರಿಗೆ ರೈಲು ಹತ್ತುವ ಒಬ್ಬ ಕನ್ನಡಿಗ. ನನ್ನ ಬೇಡಿಕೆ ಒಂದೇ. ಕಾರ್ಲ್‌ಶ್ಟೇನ್‌ಗೆ ಪೂರ್ತಿ ದಿನ ಕೊಡಿ. ಕೊಡಲಾಗದಿದ್ದರೆ ಅದನ್ನು ಪಟ್ಟಿಯಿಂದ ತೆಗೆದುಹಾಕಿ, ಆ ಅರ್ಧ ದಿನವನ್ನು ಜನ ಪ್ರೇಗ್‌ನಲ್ಲೇ ನೆಮ್ಮದಿಯಾಗಿ ಕಳೆಯಲಿ. ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣಗಳಿವೆ.

ಮೊದಲು ಊರಿನ ನೆಲೆ. ಪ್ರೇಗ್‌ನಿಂದ ನೈಋತ್ಯಕ್ಕೆ ಸುಮಾರು 30 ಕಿಲೋಮೀಟರ್, ಬೆರೌನ್ ಜಿಲ್ಲೆಯಲ್ಲಿ, ಬೆರೌಂಕಾ ನದಿಯ ದಂಡೆಯಲ್ಲಿ. ಪಿಲ್ಸೆನ್ ನಗರದಲ್ಲಿ ಹಲವು ಹೊಳೆಗಳು ಕೂಡಿ ಹುಟ್ಟುವ ಈ ನದಿ ಸುಣ್ಣಕಲ್ಲಿನ ಗುಡ್ಡಗಳನ್ನು ಕೊರೆದುಕೊಂಡು ಬಂದು ಪ್ರೇಗ್‌ನ ದಕ್ಷಿಣ ಅಂಚಿನಲ್ಲಿ ವ್ಲ್ತಾವಾ ನದಿಯನ್ನು ಸೇರುತ್ತದೆ. ಊರಿನ ಬಹುಭಾಗ ಮತ್ತು ಕೋಟೆ ಉತ್ತರ ದಂಡೆಯಲ್ಲಿವೆ, ರೈಲು ನಿಲ್ದಾಣ ದಕ್ಷಿಣ ದಂಡೆಯಲ್ಲಿದೆ. ರೈಲಿನಲ್ಲಿ ಬಂದವರು ಸೇತುವೆ ದಾಟಿಯೇ ಊರು ಹೊಗಬೇಕು. ಬಸ್ಸಿನಲ್ಲಿ ಬಂದವರಿಗೆ ಈ ಭಾಗ್ಯವಿಲ್ಲ. ಸೇತುವೆಯ ಮೇಲೆ ನಿಂತರೆ ಕೆಳಗೆ ನೀರಿನ ಕಟ್ಟೆ, ಕಟ್ಟೆಯ ಪಕ್ಕದ ಇಳಿಜಾರಿನಲ್ಲಿ ದೋಣಿಯನ್ನು ಜಾರಿಸುತ್ತ ಕೇಕೆ ಹಾಕುವ ಚೆಕ್ ಹುಡುಗರು ಕಾಣುತ್ತಾರೆ. ಬೇಸಿಗೆಯಲ್ಲಿ ಬೆರೌಂಕಾ ಉದ್ದಕ್ಕೂ ದೋಣಿ ಹುಟ್ಟು ಹಾಕುತ್ತ, ರಾತ್ರಿ ದಂಡೆಯಲ್ಲಿ ಡೇರೆ ಹೊಡೆಯುತ್ತ ಸಾಗುವುದು ಇಲ್ಲಿಯವರ ಹಳೆಯ ಹುಚ್ಚು. ಆದರೆ ಇದೇ ನದಿ 2002ರ ಆಗಸ್ಟ್‌ನಲ್ಲಿ ಉಕ್ಕಿ ತನ್ನ ಕಣಿವೆಯ ಊರುಗಳನ್ನೆಲ್ಲ ಮುಳುಗಿಸಿತ್ತು.

ಇಲ್ಲಿ ವಾಸವಿರುವವರು ಸಾವಿರಕ್ಕೂ ಕಡಿಮೆ. ಹಿಂದೆ ಇದರ ಹೆಸರು ಬುದ್ನ್ಯಾನಿ. ಅದೂ ನದಿಯಾಚೆಯ ಪೌಚ್ನೀಕ್ ಎಂಬ ಹಳ್ಳಿಯೂ ಒಂದಾಗಿ ಕಳೆದ ಶತಮಾನದಲ್ಲಿ ಕೋಟೆಯ ಹೆಸರನ್ನೇ ಊರಿನ ಹೆಸರಾಗಿಸಿಕೊಂಡವು. ಆಡಳಿತದ ಲೆಕ್ಕದಲ್ಲಿ ಇದು ಹಳ್ಳಿಯೂ ಅಲ್ಲ, ಪಟ್ಟಣವೂ ಅಲ್ಲ, ಎರಡರ ನಡುವಿನ ‘ಮ್ಯೆಸ್ತಿಸ್’. ಸಂತೆ ನಡೆಸುವ ಹಕ್ಕು ಪಡೆದ ಪೇಟೆಹಳ್ಳಿ ಎನ್ನಬಹುದು. ಮಧ್ಯಯುಗದಲ್ಲಿ ಈ ಹಕ್ಕು ಇದ್ದ ಊರಿಗೆ ಸುತ್ತಲಿನ ರೈತರು ಬರಲೇಬೇಕಿತ್ತು, ಬಂದರೆ ಹೆಂಡದಂಗಡಿ, ಕಮ್ಮಾರ, ಕುಂಬಾರ ಎಲ್ಲರಿಗೂ ಬದುಕು. ಕಮ್ಯುನಿಸ್ಟ್ ಸರ್ಕಾರ 1954ರಲ್ಲಿ ಈ ದರ್ಜೆಯನ್ನೇ ರದ್ದು ಮಾಡಿತು. 2006ರಲ್ಲಿ ಕಾನೂನು ಅದನ್ನು ಮರಳಿ ತಂದಾಗ ನೂರಾರು ಊರುಗಳು ಅರ್ಜಿ ಹಾಕಿಕೊಂಡು ಹಳೆಯ ಬಿರುದನ್ನು ವಾಪಸ್ ಪಡೆದವು. ಇದರಿಂದ ಖಜಾನೆಗೆ ಬರುವ ಲಾಭ ಹೆಚ್ಚೇನಿಲ್ಲ. ಆದರೂ ಹಟ ಹಿಡಿದು ಪಡೆದುಕೊಂಡರು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ನಿಮ್ಮ ಬಸ್ಸು ನಿಲ್ಲುವ ಜಾಗದಿಂದ ಸ್ವಲ್ಪ ದೂರದಲ್ಲಿ, ನದಿಯ ದಂಡೆಯಲ್ಲಿ, ಬುದ್ನ್ಯಾನಿ ಬಂಡೆ ಎಂಬ ಒಂದು ಬೂದು ಬಣ್ಣದ ಸುಣ್ಣಕಲ್ಲಿನ ಗೋಡೆಯಿದೆ. ಕಲ್ಲಿನ ಪದರಗಳು ಓರೆಯಾಗಿ, ಕೆಲವೆಡೆ ಬಾಗಿ ಮಡಿಚಿಕೊಂಡು ನಿಂತಿವೆ. ಪ್ರವಾಸಿಗರು ಅದರ ಕಡೆ ಬೆನ್ನು ಹಾಕಿ ಕೋಟೆಯ ಫೋಟೊ ತೆಗೆಯುತ್ತಾರೆ. ಭೂವಿಜ್ಞಾನಿಗಳು ಕೋಟೆಗೆ ಬೆನ್ನು ಹಾಕಿ ಈ ಬಂಡೆಯ ಮುಂದೆ ಮಂಡಿಯೂರುತ್ತಾರೆ. ಸೈಲೂರಿಯನ್ ಯುಗ ಮುಗಿದು ಡೆವೋನಿಯನ್ ಯುಗ ಶುರುವಾದ ಗಳಿಗೆ, ಅಂದರೆ ಸುಮಾರು 42 ಕೋಟಿ ವರ್ಷಗಳ ಹಿಂದಿನ ಒಂದು ಗಡಿರೇಖೆ, ಈ ಪದರಗಳ ನಡುವೆ ಹಾದುಹೋಗುತ್ತದೆ. ಆಗ ಇದೆಲ್ಲ ಬೆಚ್ಚನೆಯ ಕಡಲಿನ ತಳ. ಅದರಲ್ಲಿ ಬದುಕಿ ಸತ್ತ ಜೀವಿಗಳ ಚಿಪ್ಪೇ ಇಂದಿನ ಸುಣ್ಣಕಲ್ಲು.

ಪ್ರಪಂಚದಲ್ಲಿ ಎರಡು ಭೂಯುಗಗಳ ನಡುವಿನ ಗಡಿಯನ್ನು ಒಂದು ನಿರ್ದಿಷ್ಟ ಬಂಡೆಯ ಒಂದು ನಿರ್ದಿಷ್ಟ ಪದರಕ್ಕೆ ಕಟ್ಟಿಹಾಕಿ, ಇದೇ ಎಲ್ಲರಿಗೂ ಮಾನದಂಡ ಎಂದು ವಿಜ್ಞಾನಿಗಳು ಮೊತ್ತಮೊದಲು ಒಪ್ಪಿಕೊಂಡದ್ದು 1972ರಲ್ಲಿ. ಆ ಬಂಡೆ ಇರುವುದು ಇಲ್ಲಿಂದ ಹತ್ತಿರದಲ್ಲೇ, ಸುಖೊಮಾಸ್ತಿ ಎಂಬ ಹಳ್ಳಿಯ ಬಳಿಯ ಕ್ಲೋಂಕ್‌ನಲ್ಲಿ. ಕಾರ್ಲ್‌ಶ್ಟೇನ್‌ನ ಈ ಬಂಡೆ ಅದಕ್ಕೆ ಪೂರಕ ಸಾಕ್ಷಿ. ಈ ಸೀಮೆಯ ಕಲ್ಲುಗಳನ್ನು ಜಗತ್ತಿಗೆ ಪರಿಚಯಿಸಿದವನು ಜೋಆಕಿಂ ಬಾರಾಂದ್ ಎಂಬ ಫ್ರೆಂಚ್ ಎಂಜಿನಿಯರ್. ಪದಚ್ಯುತ ಫ್ರೆಂಚ್ ರಾಜಮನೆತನದ ಹುಡುಗನಿಗೆ ಪಾಠ ಹೇಳಿಕೊಡುತ್ತ ಅವರ ಹಿಂದೆಯೇ ದೇಶಭ್ರಷ್ಟನಾಗಿ ಬೊಹೀಮಿಯಾಕ್ಕೆ, ಅಂದರೆ ಈಗಿನ ಚೆಕ್ ದೇಶದ ಪಶ್ಚಿಮ ಭಾಗಕ್ಕೆ, ಬಂದವನು, ಕುದುರೆ ಎಳೆಯುವ ರೈಲುದಾರಿಗಾಗಿ ಬೆರೌಂಕಾ ಕಣಿವೆಯನ್ನು ಅಳೆಯುವಾಗ ಟ್ರೈಲೊಬೈಟ್ ಎಂಬ ಅಳಿದುಹೋದ ಕಡಲಜೀವಿಗಳ ಪಳೆಯುಳಿಕೆಗಳನ್ನು ಕಂಡು ಬೆರಗಾಗಿ ಉಳಿದ ಆಯುಷ್ಯವನ್ನೆಲ್ಲ ಅದಕ್ಕೇ ಸುರಿದ. ಕಲ್ಲುಗಣಿಯ ಕೂಲಿಗಳಿಗೆ ದುಡ್ಡು ಕೊಟ್ಟು ಪಳೆಯುಳಿಕೆ ಹುಡುಕಿಸುತ್ತಿದ್ದ, 1852ರಿಂದ ಸಂಪುಟದ ಮೇಲೆ ಸಂಪುಟ ಹೊರತಂದ. ಪ್ರೇಗ್‌ನ ಬಾರಾಂದೋವ್ ಬಡಾವಣೆಗೆ ಆ ಹೆಸರು ಬಂದದ್ದು ಇವನಿಂದಲೇ.

ಕಲ್ಲಿನ ಬಗ್ಗೆ ಇಷ್ಟು ಹೊತ್ತು ಯಾಕೆ ನಿಂತೆನೆಂದರೆ, ಕೋಟೆ ಇಲ್ಲಿ ಹುಟ್ಟಿದ್ದರಲ್ಲೂ ಅದರ ಪಾಲಿದೆ. ಸುತ್ತ ಎತ್ತರದ ಗುಡ್ಡಗಳು, ನಡುವೆ ಒಂದು ಕಡಿದಾದ ಸುಣ್ಣಕಲ್ಲಿನ ದಿಬ್ಬ. ದೂರದಿಂದ ನೋಡಿದರೆ ಕೋಟೆ ಕಾಣುವುದೇ ಇಲ್ಲ; ಊರೊಳಗಿನ ರಸ್ತೆ ತಿರುವು ತೆಗೆದುಕೊಂಡಾಗ ತಟ್ಟನೆ ತಲೆಯ ಮೇಲೆ ನಿಂತಿರುತ್ತದೆ. ಬಚ್ಚಿಡಬೇಕಾದ ವಸ್ತು ಇದ್ದವನಿಗೆ ಹೇಳಿ ಮಾಡಿಸಿದ ಜಾಗ.

ಬಚ್ಚಿಡಬೇಕಾದವನು ಬೊಹೀಮಿಯಾದ ರಾಜ ನಾಲ್ಕನೇ ಚಾರ್ಲ್ಸ್. ಚೆಕ್ಕರ ಬಾಯಲ್ಲಿ ಕಾರೆಲ್. 1348 ಅವನ ಬಾಳಿನಲ್ಲಿ ಬಿಡುವಿಲ್ಲದ ವರ್ಷ: ಮಾರ್ಚ್‌ನಲ್ಲಿ ಪ್ರೇಗ್‌ನ ಹೊಸ ನಗರಕ್ಕೆ ಅಡಿಪಾಯ, ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ, ಜೂನ್ 10ರಂದು ಈ ಕೋಟೆಯ ಮೊದಲ ಕಲ್ಲು. ಕಲ್ಲನ್ನು ಇಟ್ಟವನು ಪ್ರೇಗ್‌ನ ಆರ್ಚ್‌ಬಿಷಪ್ ಪಾರ್ದುಬಿತ್ಸೆಯ ಆರ್ನೋಶ್ಟ್. 1355ರಲ್ಲಿ ಚಾರ್ಲ್ಸ್ ರೋಮ್‌ನಲ್ಲಿ ಜರ್ಮನ್ ನಾಡುಗಳನ್ನೂ ಒಳಗೊಂಡ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯಾಗಿ ಕಿರೀಟ ಧರಿಸಿ ಬಂದ ಮೇಲೆ ಕೋಟೆಯ ಉದ್ದೇಶ ಇನ್ನಷ್ಟು ಗಟ್ಟಿಯಾಯಿತು. ಸಾಮ್ರಾಜ್ಯದ ಕಿರೀಟ, ಖಡ್ಗ, ಶಿಲುಬೆ, ಜೊತೆಗೆ ಅವನು ಯೂರೋಪಿನ ಮೂಲೆಮೂಲೆಯಿಂದ ಆಸೆಪಟ್ಟು ಕಲೆಹಾಕಿದ ಸಂತರ ಅಸ್ಥಿಗಳು, ಇವೆಲ್ಲವನ್ನೂ ಇಡಲು ಒಂದು ಪೆಟ್ಟಿಗೆ ಬೇಕಿತ್ತು. ಆ ಪೆಟ್ಟಿಗೆಯೇ ಈ ಕೋಟೆ. ಅಸ್ಥಿಗಳ ವಿಷಯದಲ್ಲಿ ಈ ಮನುಷ್ಯನ ಹಸಿವಿಗೆ ಮಿತಿ ಇರಲಿಲ್ಲ. ಟ್ರಿಯರ್ ನಗರದಿಂದ ಸಂತ ಪಾಲ್ಮಾಟಿಯಸ್‌ನ ಅವಶೇಷಗಳನ್ನು ತರಿಸಿದ. ಊರಿನ ಚರ್ಚು ಇವತ್ತಿಗೂ ಆ ಸಂತನ ಹೆಸರಿನಲ್ಲಿದೆ. ನಿಮ್ಮ ಗುಂಪಿನವರು ಅಂಗಡಿ ಸಾಲಿನಲ್ಲಿ ಚೌಕಾಸಿ ಮಾಡುವಾಗ ಈ ಚರ್ಚು ಅವರಿಗೆ ಹತ್ತಿರದಲ್ಲೇ ಇರುತ್ತದೆ, ಒಳಗೆ ಹೊರಗೆ ಯಾರೂ ಇರುವುದಿಲ್ಲ.

ಕೋಟೆಯನ್ನು ಕಟ್ಟಿರುವ ಕ್ರಮ ಗೊತ್ತಿಲ್ಲದೆ ಫೋಟೊ ತೆಗೆದರೆ ಅದು ಬರಿಯ ಗೋಪುರಗಳ ಗುಂಪು. ದಿಬ್ಬದ ಕೆಳತುದಿಯಲ್ಲಿ ಬಾವಿಗೋಪುರ. ಅಲ್ಲಿಂದ ಮೇಲಕ್ಕೆ ಅಧಿಕಾರಿಯ ಮನೆ. ಇನ್ನೂ ಮೇಲೆ ಚಕ್ರವರ್ತಿಯ ಅರಮನೆ. ಅದಕ್ಕೂ ಮೇಲೆ ಮೇರಿಮಾತೆಯ ಗೋಪುರ. ಎಲ್ಲಕ್ಕಿಂತ ಎತ್ತರದಲ್ಲಿ, ಸುಮಾರು 60 ಮೀಟರಿನ ಮಹಾಗೋಪುರ, ಅದರೊಳಗೆ ಪವಿತ್ರ ಶಿಲುಬೆಯ ಪ್ರಾರ್ಥನಾಮಂದಿರ. ನೀರು ಕೆಳಗೆ, ರಾಜ ನಡುವೆ, ದೇವರು ಮೇಲೆ. ಹತ್ತುತ್ತ ಹೋದಂತೆ ಒಂದೊಂದೇ ಬಾಗಿಲು, ಒಂದೊಂದು ಕಡೆಯೂ ತಡೆ. ಮಹಾಗೋಪುರದಲ್ಲಿ ಯಾವ ಗಂಡಸೂ ಹೆಂಗಸಿನೊಡನೆ, ಅವಳು ಕಟ್ಟಿಕೊಂಡ ಹೆಂಡತಿಯೇ ಆಗಿದ್ದರೂ, ರಾತ್ರಿ ತಂಗಬಾರದೆಂದು ಚಾರ್ಲ್ಸ್ ಕಟ್ಟಪ್ಪಣೆ ಮಾಡಿದ್ದ. ಇದನ್ನೇ ಹಿಗ್ಗಿಸಿ, ಇಡೀ ಕೋಟೆಗೇ ಹೆಂಗಸರಿಗೆ ಪ್ರವೇಶ ಇರಲಿಲ್ಲ ಎಂಬ ಕಥೆ ಹುಟ್ಟಿ, ಅದರ ಮೇಲೆ ನಾಟಕವೂ ಬಂದು, ಈಗ ಮಾರ್ಗದರ್ಶಿಗಳೂ ಅದನ್ನೇ ಹೇಳಿ ನಗಿಸುತ್ತಾರೆ. ನಿಮ್ಮ ಟೂರ್ ಮ್ಯಾನೇಜರುಗಳಿಗೆ ದಯವಿಟ್ಟು ತಿದ್ದಿ ಹೇಳಿ.

ಆ ಪ್ರಾರ್ಥನಾಮಂದಿರದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯದೆ ಮುಂದೆ ಹೋಗಲಾರೆ. 1365ರಲ್ಲಿ ಅದರ ಪ್ರತಿಷ್ಠೆ ನಡೆಯಿತು. ಗೋಡೆಗಳ ಕೆಳಭಾಗದಲ್ಲಿ ಚಿನ್ನದ ಲೇಪದ ಗಾರೆಯಲ್ಲಿ ಹುದುಗಿಸಿದ ನೇರಳೆ ಅಮೆಥಿಸ್ಟ್, ಕೆಂಪು ಜಾಸ್ಪರ್, ಅಗೇಟ್ ಕಲ್ಲುಗಳು. ಅವು ಚೌಕಟ್ಟಾಗಿ ಕೊರೆದ ಹರಳುಗಳಲ್ಲ. ಗಣಿಯಿಂದ ಬಂದ ಆಕಾರವನ್ನೇ ಉಳಿಸಿ ಒಂದು ಮುಖವನ್ನಷ್ಟೇ ಉಜ್ಜಿ ನುಣುಪಾಗಿಸಿದ ಹಲ್ಲೆಗಳು. ಮೇಲೆ ಚಾವಣಿಯಲ್ಲಿ ಚಿನ್ನದ ಆಕಾಶ, ಅದರಲ್ಲಿ ಗಾಜಿನ ನಕ್ಷತ್ರಗಳು. ಇವೆರಡರ ನಡುವೆ, ಗೋಡೆಯ ತುಂಬ, ಮರದ ಹಲಗೆಗಳ ಮೇಲೆ ಬರೆದ 129 ಚಿತ್ರಗಳು: ಸಂತರು, ಪೋಪರು, ರಾಜರು, ರಾಣಿಯರು. ಬರೆದವನು ಮಾಸ್ಟರ್ ಥಿಯೊಡೊರಿಕ್. ಅವನ ಸಂತರು ದಪ್ಪ ಮೂಗಿನ, ಭಾರವಾದ ಕಣ್ಣೆವೆಯ, ಮೃದುವಾದ ಕೆನ್ನೆಯ ಮನುಷ್ಯರು. ಕೆಲವರ ಉಡುಪು, ಪುಸ್ತಕ ಹಲಗೆಯೊಳಗೆ ಹಿಡಿಸದೆ ಚೌಕಟ್ಟಿನ ಮೇಲೂ ಚಾಚಿಕೊಂಡಿವೆ. ಚೌಕಟ್ಟಿನಲ್ಲಿ ಅಲ್ಲಲ್ಲಿ ಸಣ್ಣ ಗುಳಿಗಳಿವೆ. ಚಿತ್ರದಲ್ಲಿರುವ ಸಂತನ ಅವಶೇಷದ ಚೂರನ್ನು ಇಡಲು ಮಾಡಿದ ಜಾಗ ಅದು. ಹಾಗಾಗಿ ಈ ಚಿತ್ರಗಳು ಚಿತ್ರ ಮಾತ್ರವಾಗಿರಲಿಲ್ಲ, ಆ ಸಂತನೇ ಅಲ್ಲಿದ್ದಾನೆ ಎಂಬ ನಂಬಿಕೆ. ಮೇಣದ ಬತ್ತಿಗಳ ಬೆಳಕಿನಲ್ಲಿ 129 ಮುಖಗಳ ಎದುರು ನಿಂತವನ ಪಾಡನ್ನು ಊಹಿಸಿಕೊಳ್ಳಿ.

ಮೇಣ ಎಲ್ಲಿಂದ ಬರುತ್ತಿತ್ತು? ಇದು ನನಗೆ ಈ ಊರಿನ ಇತಿಹಾಸದಲ್ಲೇ ತುಂಬ ಹಿಡಿಸಿದ ವಿವರ. ಕೋಟೆಯಿಂದ ಕೆಲವೇ ಕಿಲೋಮೀಟರ್ ಉತ್ತರಕ್ಕಿರುವ ಮೊರ್ಜಿನಾ ಹಳ್ಳಿಯಲ್ಲಿ ಥಿಯೊಡೊರಿಕ್‌ಗೆ ಜಮೀನಿತ್ತು. ಮಂದಿರದ ಕೆಲಸ ಮೆಚ್ಚಿದ ಚಕ್ರವರ್ತಿ 1367ರಲ್ಲಿ ಆ ಜಮೀನಿಗೆ ತೆರಿಗೆ ಮನ್ನಾ ಮಾಡಿದ. ಷರತ್ತು ಒಂದೇ: ಚಿತ್ರಕಾರನೂ ಅವನ ವಾರಸುದಾರರೂ ಪ್ರತಿ ವರ್ಷ 30 ಪೌಂಡ್ ಮೇಣವನ್ನು ಆ ಮಂದಿರದ ಬತ್ತಿಗಳಿಗೆ ಕೊಡಬೇಕು. ಚಿತ್ರ ಬರೆದವನೇ ಅದನ್ನು ನೋಡಲು ಬೇಕಾದ ಬೆಳಕನ್ನೂ ಒದಗಿಸಬೇಕಾಯಿತು! ಅದಕ್ಕೆ ಮೊದಲು ಇಲ್ಲಿ ದುಡಿದ ಸ್ಟ್ರಾಸ್‌ಬುರ್ಗ್‌ನ ನಿಕೊಲಾಸ್ ವುರ್ಮ್‌ಸರ್ ಎಂಬ ಚಿತ್ರಕಾರನಿಗೂ ಅದೇ ಮೊರ್ಜಿನಾದಲ್ಲಿ ಇಂಥದ್ದೇ ವಿನಾಯಿತಿ ಸಿಕ್ಕಿತ್ತು. ಚಿತ್ರಕಾರರು ಪ್ರೇಗ್‌ನಿಂದ ಬಂದು ಹೋದ ಅತಿಥಿಗಳಾಗಿರಲಿಲ್ಲ, ಇಲ್ಲಿಯ ಹೊಲಗದ್ದೆಯವರಾಗಿದ್ದರು.

ಈ ಮಂದಿರವನ್ನು ನಿಮ್ಮ ಪ್ರವಾಸಿಗರು ನೋಡುವುದೇ ಇಲ್ಲ, ಮಹನೀಯರೇ. ಕೋಟೆಯಲ್ಲಿ ಬೇರೆಬೇರೆ ಸುತ್ತುಗಳಿಗೆ ಬೇರೆಬೇರೆ ಟಿಕೆಟ್. ಸಾಮಾನ್ಯ ಟಿಕೆಟ್ಟಿನಲ್ಲಿ ಅರಮನೆ ಮತ್ತು ಮೇರಿಗೋಪುರದ ಒಂದಿಷ್ಟು ಭಾಗ ಮಾತ್ರ. ಪವಿತ್ರ ಶಿಲುಬೆಯ ಮಂದಿರಕ್ಕೆ ವರ್ಷದ ಕೆಲವು ತಿಂಗಳು ಮಾತ್ರ, ಮುಂಗಡವಾಗಿ ಕಾಯ್ದಿರಿಸಿದ ಸಣ್ಣ ಸಣ್ಣ ತಂಡಗಳಿಗೆ ಮಾತ್ರ ಪ್ರವೇಶ. ಜನರ ಉಸಿರಿನ ತೇವವೇ ಆ ಹಲಗೆಗಳಿಗೆ ಶತ್ರು, ಅದಕ್ಕೇ ಈ ಬಿಗಿ. ನಲವತ್ತು ಜನರ ಬಸ್ಸನ್ನು ಬೆಳಿಗ್ಗೆ ತಂದು ನಿಲ್ಲಿಸಿ ಟಿಕೆಟ್ ಕೇಳಿದರೆ ಸಿಗುವುದಿಲ್ಲ. ತಂಡವನ್ನು ಭಾಗ ಮಾಡಿ, ವಾರಗಳ ಮುಂಚೆ ಬುಕ್ ಮಾಡಿ, ಒಂದು ಭಾಗ ಮೇಲಿರುವಾಗ ಇನ್ನೊಂದು ಭಾಗ ಊರು ನೋಡುವ ಹಾಗೆ ಹೊಂದಿಸಬೇಕು. ಅದಕ್ಕೆ ಪೂರ್ತಿ ದಿನ ಬೇಕು.

ಕಳೆದ ಬೇಸಿಗೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಯಾವ ಸಂಸ್ಥೆ ಎಂಬುದು ಇಲ್ಲಿ ಬೇಡ. ಕೋಟೆಗೆ ಏರುವ ರಸ್ತೆಯ ಪಕ್ಕದ ಬೆಂಚಿನ ಮೇಲೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಕೂತಿದ್ದರು. ಮೈಸೂರು ರೇಷ್ಮೆ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಹೊಸ ಸ್ಪೋರ್ಟ್ಸ್ ಶೂ, ಕೈಯಲ್ಲಿ ಬೆಲೆ ಚೀಟಿ ಇನ್ನೂ ಕೀಳದ ಫ್ರಿಜ್ ಮ್ಯಾಗ್ನೆಟ್. ಕನ್ನಡ ಕೇಳಿ ಮಾತಾಡಿಸಿದೆ. ಮಂಡಿನೋವು, ಹತ್ತಲಾಗದು, ಉಳಿದವರು ಮೇಲೆ ಹೋಗಿ ಫೋಟೊ ತೆಗೆದು ಬರುತ್ತಾರೆ ಎಂದರು. ಆಮೇಲೆ, ಒಳಗೆ ಏನಿದೆ ಎಂದು ನನ್ನನ್ನೇ ಕೇಳಿದರು. ಮೇಣದ ಕಥೆ ಹೇಳಿದೆ, ಕಲ್ಲುಗಳ ವಿಷಯ ಹೇಳಿದೆ. ಇದನ್ನು ನಮಗೆ ಯಾರೂ ಹೇಳಲಿಲ್ಲವಲ್ಲ ಎಂದು ಅವರು ಬೇಸರಪಟ್ಟುಕೊಂಡರು. ಅಷ್ಟರಲ್ಲಿ ಬಾವುಟ ಹಿಡಿದ ಹುಡುಗ ಬಂದು ಬಸ್ಸಿಗೆ ಹೊತ್ತಾಯಿತು ಎಂದು ಎಬ್ಬಿಸಿಕೊಂಡು ಹೋದ. ಪ್ರವಾಸಿ ಕಾಲದಲ್ಲಿ ಕೆಳಗಿನಿಂದ ಕೋಟೆಯವರೆಗೆ ಕುದುರೆಗಾಡಿ ಓಡುತ್ತದೆ. ಇದನ್ನು ಆ ಹುಡುಗನಿಗೂ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ.

ಕೋಟೆಯ ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಮುತ್ತಿಗೆಯೊಂದನ್ನು ಬಿಟ್ಟು. ಚರ್ಚಿನ ಸುಧಾರಣೆಗೆ ದನಿಯೆತ್ತಿದ ಚೆಕ್ ಬೋಧಕ ಯಾನ್ ಹುಸ್‌ನನ್ನು ಸುಟ್ಟ ಮೇಲೆ ಬೊಹೀಮಿಯಾ ಹೊತ್ತಿ ಉರಿಯಿತು. 1421ರಲ್ಲಿ ಚಾರ್ಲ್ಸ್‌ನ ಮಗ ಸಿಗಿಸ್ಮಂಡ್ ಸಾಮ್ರಾಜ್ಯದ ಕಿರೀಟ ಮತ್ತಿತರ ವಸ್ತುಗಳನ್ನು ಇಲ್ಲಿಂದ ಸಾಗಿಸಿದ. ಹಂಗೇರಿ, ನ್ಯೂರೆಂಬರ್ಗ್ ಸುತ್ತಿ ಅವು ಈಗ ವಿಯೆನ್ನಾದಲ್ಲಿವೆ. ಮರುವರ್ಷ ಲಿಥುವೇನಿಯಾದ ರಾಜಕುಮಾರ ಸಿಗಿಸ್ಮಂಡ್ ಕೋರಿಬುಟ್‌ನ ಮುಂದಾಳತ್ವದಲ್ಲಿ ಹುಸ್ ಅನುಯಾಯಿಗಳು ಕೋಟೆಗೆ ಮುತ್ತಿಗೆ ಹಾಕಿದರು. ಬೇಸಿಗೆ ಕಳೆದು ನವೆಂಬರ್‌ವರೆಗೆ ಪಟ್ಟು ಹಿಡಿದರು. ಕವಣೆಯಂತ್ರಗಳಿಂದ ಕಲ್ಲು ಎಸೆದರು. ಅದು ಸಾಲದೆಂದು ಕೊಳೆತ ಹೆಣಗಳನ್ನು, ಪ್ರೇಗ್‌ನ ಕಕ್ಕಸುಗಳಿಂದ ತುಂಬಿ ತಂದ ಪೀಪಾಯಿಗಳನ್ನು ಒಳಗೆ ಎಸೆದರು. ಒಳಗಿದ್ದವರು ಕೊನೆಯ ಹೋತವನ್ನು ಕಡಿದು ಅದಕ್ಕೆ ಜಿಂಕೆಯ ಕೂದಲು ಅಂಟಿಸಿ, ನಮ್ಮಲ್ಲಿ ಬೇಟೆಯ ಮಾಂಸ ಬೇಕಾದಷ್ಟಿದೆ ಎಂದು ಶತ್ರುಗಳಿಗೇ ಉಡುಗೊರೆ ಕಳಿಸಿದರೆಂದು ಊರಿನವರು ಕಥೆ ಹೇಳುತ್ತಾರೆ. ಏನೇ ಆಗಲಿ, ಕೋಟೆ ಬೀಳಲಿಲ್ಲ.

ಮುತ್ತಿಗೆ ತಾಳುವುದಕ್ಕೆ ನೀರು ಬೇಕು. ಇಲ್ಲಿ ಒಂದು ತಮಾಷೆಯಿದೆ. ಸುಮಾರು 80 ಮೀಟರ್ ಆಳದ ಬಾವಿಯನ್ನು ಬಂಡೆಯಲ್ಲಿ ಕೊರೆದರೂ ಅದರಲ್ಲಿ ಊಟೆ ಸಿಗಲಿಲ್ಲ. ಸುಣ್ಣಕಲ್ಲು ನೀರನ್ನು ಹಿಡಿದಿಡುವುದಿಲ್ಲ, ಬಿರುಕುಗಳಲ್ಲಿ ಕೆಳಕ್ಕೆ ಬಿಟ್ಟುಬಿಡುತ್ತದೆ. ಕೊನೆಗೆ ಊರಿನ ಹಳ್ಳದಿಂದ ನೆಲದೊಳಗೇ ಕಾಲುವೆ ತೋಡಿ ಬಾವಿಗೆ ನೀರು ತಿರುಗಿಸಿದರು. ಕುಟ್ನಾ ಹೋರಾದ ಬೆಳ್ಳಿ ಗಣಿಯ ಕೆಲಸಗಾರರು ಇದನ್ನು ಮಾಡಿದರೆಂದೂ, ಗುಟ್ಟು ಹೊರಗೆ ಹೋಗಬಾರದೆಂದು ಅವರನ್ನು ಕೊಂದರೆಂದೂ ಕಥೆ. ಕೊಂದದ್ದು ನಿಜವೋ ಸುಳ್ಳೋ, ಶತ್ರುವಿಗೆ ಗೊತ್ತಾಗಿದ್ದರೆ ಹಳ್ಳಕ್ಕೆ ಒಂದು ಒಡ್ಡು ಹಾಕಿದ್ದರೆ ಸಾಕಿತ್ತು. ಮನುಷ್ಯರು ಒಳಗೆ ನಡೆದು ತಿರುಗಿಸುತ್ತಿದ್ದ ದೊಡ್ಡ ಮರದ ಚಕ್ರ ಬಾವಿಗೋಪುರದಲ್ಲಿ ಈಗಲೂ ಇದೆ.

ಬೊಹೀಮಿಯಾ ರಾಜ್ಯದ ಕಿರೀಟ ಮತ್ತು ದಾಖಲೆಗಳು 1619ರವರೆಗೆ ಇಲ್ಲಿದ್ದವು. ಆ ಕಿರೀಟ ಈಗ ಪ್ರೇಗ್‌ನ ಸಂತ ವಿಟಸ್ ಕೆಥೆಡ್ರಲ್‌ನಲ್ಲಿ, ಏಳು ಬೀಗಗಳ ಹಿಂದೆ, ಏಳು ಜನರ ಕೈಯಲ್ಲಿ ಒಂದೊಂದು ಕೀಲಿ. 1648ರಲ್ಲಿ ಸ್ವೀಡನ್ನಿನ ಸೈನ್ಯ ಕೋಟೆಗೆ ನುಗ್ಗಿತು. 1755ರಲ್ಲಿ ಆಗಿನ ರಾಣಿ ಮರಿಯಾ ತೆರೇಸಾ ಅದನ್ನು ಪ್ರೇಗ್‌ನ ಕುಲೀನ ಮಹಿಳೆಯರ ಆಶ್ರಮಕ್ಕೆ ಕೊಟ್ಟುಬಿಟ್ಟಳು. ಗಂಡಸರ ಗೋಪುರವೆಂದು ಹೆಸರಾದದ್ದು ಕೊನೆಗೆ ಹೆಂಗಸರ ಆಸ್ತಿಯಾಗಿ 1918ರವರೆಗೆ ಉಳಿಯಿತು. 1887ರಿಂದ 1899ರವರೆಗೆ ಯೋಸೆಫ್ ಮೋಟ್ಸ್ಕರ್ ಎಂಬ ವಾಸ್ತುಶಿಲ್ಪಿ ಇಡೀ ಕೋಟೆಯನ್ನು ಜೀರ್ಣೋದ್ಧಾರ ಮಾಡಿದ. ಹದಿನಾಲ್ಕನೇ ಶತಮಾನದ ಕೋಟೆ ಹೀಗೇ ಇರಬೇಕಿತ್ತು ಎಂದು ತನಗೆ ತೋಚಿದ ಹಾಗೆ ನಂತರದ ಕಾಲದ ಸೇರ್ಪಡೆಗಳನ್ನೆಲ್ಲ ಕಿತ್ತು, ಕಡಿದಾದ ಮಾಡುಗಳನ್ನು ಹೊದಿಸಿದ. ನಿಮ್ಮ ಕರಪತ್ರದ ಚಿತ್ರದಲ್ಲಿ ಕಾಣುವ ಆ ಚೂಪು ಮಾಡುಗಳು ಅವನವು. ನನಗೆ ಈ ಜೀರ್ಣೋದ್ಧಾರ ಅಷ್ಟಾಗಿ ಹಿಡಿಸುವುದಿಲ್ಲ. ವಯಸ್ಸಾದ ಕಟ್ಟಡದ ಮೈಮೇಲಿನ ಶತಮಾನಗಳನ್ನು ಒರೆಸಿಹಾಕಿದಂತಾಗಿದೆ. ಆದರೆ ಆತ ಕೈಹಾಕದಿದ್ದರೆ ನೋಡಲು ಏನು ಉಳಿಯುತ್ತಿತ್ತೋ.

ಇನ್ನು ಊರು. 1862ರಲ್ಲಿ ಪ್ರೇಗ್‌ನಿಂದ ಪಿಲ್ಸೆನ್‌ಗೆ ರೈಲುದಾರಿ ತೆರೆದಂದಿನಿಂದ ಪ್ರೇಗ್‌ನ ಮಂದಿ ಭಾನುವಾರ ಇಲ್ಲಿಗೆ ಬರುವುದನ್ನು ರೂಢಿ ಮಾಡಿಕೊಂಡರು, ಊರು ಪ್ರವಾಸಿಗರ ಮೇಲೆ ಬದುಕುವುದನ್ನು ಕಲಿಯಿತು. ಇವತ್ತು ವರ್ಷಕ್ಕೆ ಲಕ್ಷಗಟ್ಟಲೆ ಜನ ಒಂದೇ ರಸ್ತೆಯಲ್ಲಿ ಹತ್ತಿ ಇಳಿಯುತ್ತಾರೆ. ಅಂಗಡಿಗಳಲ್ಲಿ ರಷ್ಯನ್ ಗೊಂಬೆಗಳು, ಪ್ಲಾಸ್ಟಿಕ್ ಕತ್ತಿಗಳು, ಎಲ್ಲಿಂದಲೋ ಬಂದ ಹರಳಿನ ಸರಗಳು. ಇವನ್ನು ನೋಡಿ ಊರಿನ ಬಗ್ಗೆ ತೀರ್ಮಾನ ಮಾಡಬೇಡಿ. ಒಂದೆರಡು ಗಂಟೆಯಲ್ಲಿ ಬಂದು ಹೋಗುವವರಿಗೆ ಬೇರೇನನ್ನು ಮಾರಲು ಸಾಧ್ಯ? ನಿಮ್ಮ ವೇಳಾಪಟ್ಟಿಯೇ ಈ ಅಂಗಡಿಗಳನ್ನು ಸಾಕುತ್ತಿದೆ.

ಅದೇ ರಸ್ತೆಯ ಸುತ್ತಮುತ್ತ ಬೇರೆಯದೂ ಇದೆ. ಹಳೆಯ ಪಾದ್ರಿಮನೆಯಲ್ಲಿ ಕ್ರಿಸ್ತಜನನದ ಗೊಂಬೆಗಳ ಸಂಗ್ರಹಾಲಯವಿದೆ. ನವರಾತ್ರಿಗೆ ಗೊಂಬೆ ಕೂರಿಸುವ ಮನೆಯಿಂದ ಬಂದವರಿಗೆ ಅಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕೋಟೆಯ ಕೆಳಗಿನ ಇಳಿಜಾರಿನಲ್ಲಿ ದ್ರಾಕ್ಷಿ ತೋಟಗಳು. ಬರ್ಗಂಡಿಯ ಬಳ್ಳಿಗಳನ್ನು ಚಾರ್ಲ್ಸ್ ತರಿಸಿ ನೆಡಿಸಿದನೆಂದು ಹೇಳುತ್ತಾರೆ. ಅವನು 1358ರಲ್ಲಿ ಪ್ರೇಗ್ ಸುತ್ತ ದ್ರಾಕ್ಷಿ ತೋಟ ಮಾಡಬೇಕೆಂದು ಆಜ್ಞೆ ಹೊರಡಿಸಿದ್ದಂತೂ ನಿಜ. ಇವತ್ತು ಇಲ್ಲಿ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ, ಬಗೆಬಗೆಯ ತಳಿಗಳನ್ನು ಕಾಪಾಡಿಕೊಂಡು ಬಂದಿದೆ. ಸೆಪ್ಟೆಂಬರ್ ಕೊನೆಯಲ್ಲಿ ದ್ರಾಕ್ಷಿ ಕೊಯ್ಲಿನ ಹಬ್ಬ; ಚಕ್ರವರ್ತಿಯ ವೇಷಧಾರಿ ಪರಿವಾರ ಸಮೇತ ಮೆರವಣಿಗೆಯಲ್ಲಿ ಬರುತ್ತಾನೆ. ಆಗ ಜನಜಂಗುಳಿ ವಿಪರೀತ, ಆದರೆ ಅದರಲ್ಲಿ ಬಹುಪಾಲು ಚೆಕ್ಕರೇ. ಅವರು ಈ ಊರನ್ನು ಹೇಗೆ ಅನುಭವಿಸುತ್ತಾರೆಂದು ನೋಡುವುದಕ್ಕಾದರೂ ಒಮ್ಮೆ ಬರಬೇಕು.

ಕಾಲಲ್ಲಿ ಕಸುವು ಇರುವವರಿಗೆ ಊರಾಚೆಯೂ ನೋಡಲು ಬೇಕಾದಷ್ಟಿದೆ. ಸುತ್ತಲಿನ ಸುಣ್ಣಕಲ್ಲಿನ ಸೀಮೆಯನ್ನು 1972ರಿಂದ ‘ಚೆಸ್ಕೀ ಕ್ರಾಸ್’ ಎಂಬ ಹೆಸರಿನಲ್ಲಿ ಸಂರಕ್ಷಿಸಲಾಗಿದೆ. ಬಿಳಿ ಪಟ್ಟೆಗಳ ನಡುವೆ ಕೆಂಪು ಪಟ್ಟೆಯ ಗುರುತು ಹಿಡಿದು ಕಾಡಿನಲ್ಲಿ ನಡೆದರೆ ಸ್ವಾತೀ ಯಾನ್ ಪೋದ್ ಸ್ಕಾಲೌ ಎಂಬ, ಬಂಡೆಯ ಬುಡದ ಮಠದೂರಿಗೆ ತಲುಪಬಹುದು. ಉತ್ತರಕ್ಕೆ, ಮೊರ್ಜಿನಾದ ಕಡೆಗೆ, ವೆಲ್ಕಾ ಅಮೇರಿಕಾ ಎಂಬ ಕೈಬಿಟ್ಟ ಸುಣ್ಣಕಲ್ಲಿನ ಗಣಿ: ಮುಕ್ಕಾಲು ಕಿಲೋಮೀಟರ್ ಉದ್ದದ ಕಂದರ, ತಳದಲ್ಲಿ ಹಸಿರುನೀಲಿ ನೀರು. ಫೋಟೊಗಳಲ್ಲಿ ಇದನ್ನು ನೀವು ನೋಡಿರುತ್ತೀರಿ. ಇಲ್ಲಿಯ ಕಲ್ಲು ಕ್ಲಾದ್ನೋದ ಉಕ್ಕಿನ ಕುಲುಮೆಗಳಿಗೆ ಹೋಗುತ್ತಿತ್ತು. ಪಕ್ಕದ ಮೆಕ್ಸಿಕೊ ಗಣಿಯಲ್ಲಿ 1949ರಿಂದ 1953ರವರೆಗೆ ಕಮ್ಯುನಿಸ್ಟ್ ಆಡಳಿತ ರಾಜಕೀಯ ಕೈದಿಗಳನ್ನು ಕಲ್ಲು ಒಡೆಯಲು ಹಚ್ಚಿತ್ತು. ಅಂಚಿನಿಂದ ನೋಡಬಹುದು, ಇಳಿಯುವುದು ಈಜುವುದು ನಿಷಿದ್ಧ. ಸೆಲ್ಫಿಗಾಗಿ ಬೇಲಿ ದಾಟುವವರು ಪ್ರತಿ ಬೇಸಿಗೆಯಲ್ಲೂ ಇರುತ್ತಾರೆ, ಅವರಲ್ಲಿ ನಮ್ಮವರೂ ಇರುತ್ತಾರೆ.

ಹಾಗಾದರೆ ಮಾಡಬೇಕಾದದ್ದು. ಬಸ್ಸು ಬಿಡಿ, ಪ್ರೇಗ್‌ನ ಮುಖ್ಯ ನಿಲ್ದಾಣದಿಂದ ಎಸ್7 ಲೋಕಲ್ ರೈಲು ಹಿಡಿಸಿ. ಸುಮಾರು 40 ನಿಮಿಷ, ಬಸ್ಸಿನ ಬಾಡಿಗೆಗಿಂತ ಅಗ್ಗ, ದಾರಿಯುದ್ದಕ್ಕೂ ನದಿ. ಬೆಳಿಗ್ಗೆಯೇ ಹೊರಡಿ, ಯಾಕೆಂದರೆ ಹನ್ನೊಂದರ ನಂತರ ಆ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೋಮವಾರ ಇಡಬೇಡಿ, ಬೇಸಿಗೆಯ ಮಧ್ಯದ ತಿಂಗಳುಗಳನ್ನು ಬಿಟ್ಟರೆ ಅಂದು ಕೋಟೆಗೆ ಸಾಮಾನ್ಯವಾಗಿ ರಜೆ. ಮಂದಿರದ ಸುತ್ತಿಗೆ ಪ್ರವಾಸದ ದಿನಾಂಕ ಗೊತ್ತಾದ ದಿನವೇ ಕಾಯ್ದಿರಿಸಿ, ಅದರ ಶುಲ್ಕವನ್ನು ಪ್ಯಾಕೇಜಿನ ಒಳಗೇ ಸೇರಿಸಿ. ಯೂರೋಪ್ ಪ್ರವಾಸಕ್ಕೆ ಲಕ್ಷಗಳನ್ನು ಕಟ್ಟಿದವರು ಇದೊಂದಕ್ಕೆ ಹಿಂದೆಗೆಯುವುದಿಲ್ಲ. ವಯಸ್ಸಾದವರಿಗೆ ಕುದುರೆಗಾಡಿ ಗೊತ್ತು ಮಾಡಿ. ಊಟಕ್ಕೆ ಪ್ರೇಗ್‌ಗೆ ಓಡಬೇಡಿ. ಸಸ್ಯಾಹಾರಿಗಳಿಗೆ ಹುರಿದ ಚೀಸ್, ಆಲೂಗಡ್ಡೆ, ಸಾರು, ಹಣ್ಣಿನ ಕಡುಬು ಊರಿನಲ್ಲೇ ಸಿಗುತ್ತವೆ. ಸಾರಿನಲ್ಲಿ ಮಾಂಸದ ರಸ ಇದೆಯೇ ಎಂದು ಮಾತ್ರ ಕೇಳಿಕೊಳ್ಳಬೇಕು.

ಪ್ರವಾಸಿಗರೇ, ನಿಮಗೊಂದು ಮಾತು. ದುಡ್ಡು ಕಟ್ಟುವ ಮುನ್ನ ಏಜೆಂಟರನ್ನು ಎರಡು ಪ್ರಶ್ನೆ ಕೇಳಿ: ಕಾರ್ಲ್‌ಶ್ಟೇನ್‌ನಲ್ಲಿ ಎಷ್ಟು ಗಂಟೆ? ಪವಿತ್ರ ಶಿಲುಬೆಯ ಮಂದಿರ ಸೇರಿದೆಯೇ, ಇಲ್ಲವೇ? ನೀವು ಕೇಳದಿದ್ದರೆ ಅವರು ಬದಲಾಯಿಸುವುದಿಲ್ಲ.

ಸಂಸ್ಥೆಗಳವರೇ, ಮುಂದಿನ ಬೇಸಿಗೆಯ ಕರಪತ್ರಗಳು ಸಾಮಾನ್ಯವಾಗಿ ಚಳಿಗಾಲದಲ್ಲೇ ಅಚ್ಚಾಗುತ್ತವೆ. ಅದಕ್ಕೆ ಮುಂಚೆ ನಿಮ್ಮಲ್ಲಿ ಯಾರಾದರೂ ಒಬ್ಬರು ಬಂದು ಊರನ್ನು ನಡೆದು ನೋಡುವುದಾದರೆ, ಬಾವಿಗೋಪುರದಿಂದ ಬುದ್ನ್ಯಾನಿ ಬಂಡೆಯವರೆಗೆ ಜೊತೆಗೆ ಬರಲು ನಾನು ಸಿದ್ಧ. ಶುಲ್ಕವಿಲ್ಲ. ಒಂದು ವಾರ ಮುಂಚೆ ತಿಳಿಸಿದರೆ ಸಾಕು.

ಇಂತಿ ವಿಶ್ವಾಸದ,
ಬೊಹೀಮಿಯಾವಾಸಿ ಕನ್ನಡಿಗ